ಇವರು ಯಾರ ಮನೆಯವರು?

ನಮ್ಮ ಅವ್ವನಿಗೆ ಈಗ 82 ವರ್ಷ. ಹೋದ ವರ್ಷ ಪಿತೃಪಕ್ಷ ಹತ್ತಿರ ಬಂದಾಗ ನಾವು ಮಕ್ಕಳೆಲ್ಲ ಸೇರಿ ಒಂದು ತೀರ್ಮಾನ ಮಾಡಿದೆವು. ಆಕೆಯ ತಾಯಿಯದು ಉಳಿದಿರುವುದು ಒಂದೇ ಒಂದು ಫೋಟೋ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಡೋಣ ಎಂದು. ಅವ್ವನ ತಾಯಿ ನಮಗೆ ಆಯಿ. ಪುಣೆಯಲ್ಲಿ ಆಯಿ ಎಂದರೆ ತಾಯಿ, ನಮ್ಮ ವಿಜಾಪುರದ ಕಡೆ ಆಯಿ ಎಂದರೆ ಅಜ್ಜಿ. ಮೂರು ತಲೆಮಾರು ಈ ಊರಲ್ಲಿ ಬಾಳಿದ ಮೇಲೂ ನಾವು ಬಿಟ್ಟುಕೊಡದ ಕೆಲವೇ ಶಬ್ದಗಳಲ್ಲಿ ಅದೂ ಒಂದು.

ಫೋಟೋ ತೆಗೆದದ್ದು 1960ರ ದಶಕದ ಕೊನೆಯಲ್ಲಿ, ಕಸಬಾ ಪೇಠದ ಒಂದು ವಾಡೆಯ ಅಂಗಳದಲ್ಲಿ. ಸೋದರಮಾವ ಗೆಳೆಯನ ಹತ್ತಿರ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಎರವಲು ತಂದಿದ್ದನಂತೆ. ಒಂದು ರೋಲಿಗೆ 12 ಚಿತ್ರ. ಹನ್ನೊಂದು ಬೇರೆ ಯಾರ್ಯಾರದೋ, ಒಂದು ಆಯಿಯದು. ಅವನು ಕ್ಲಿಕ್ ಎನಿಸುವ ಹೊತ್ತಿಗೆ ಸರಿಯಾಗಿ ಆಯಿ ಮುಖ ತಿರುಗಿಸಿದಳು. ಹೀಗಾಗಿ ಸೀರೆಯ ದಡಿ ಸ್ಪಷ್ಟ, ಕೈಬಳೆ ಸ್ಪಷ್ಟ, ಹಿಂದಿನ ತುಳಸಿಕಟ್ಟೆಯ ಕಿತ್ತುಹೋದ ಗಾರೆಯೂ ಸ್ಪಷ್ಟ. ಮುಖ ಮಾತ್ರ ಬೆರಳಿನಿಂದ ಒರೆಸಿದ ಹಾಗೆ ಎಡದಿಂದ ಬಲಕ್ಕೆ ಮಸುಕು.

ಪೇಠೆಯ ಒಂದು ಸ್ಟುಡಿಯೋಕ್ಕೆ ಒಯ್ದೆ. ಅಲ್ಲಿದ್ದ ಹುಡುಗ ಸ್ಕ್ಯಾನ್ ಮಾಡಿಕೊಂಡು, ಎರಡು ಸಲ ಮೌಸ್ ಒತ್ತಿ, ‘ದೋನ್ ಮಿನಿಟ, ಕಾಕಾ’ ಅಂದ. ಎರಡು ನಿಮಿಷವೂ ಬೇಕಾಗಲಿಲ್ಲ. ಪರದೆಯ ಮೇಲೆ ಮಸುಕು ಕರಗಿ ಒಬ್ಬ ಹೆಂಗಸಿನ ಮುಖ ಮೂಡಿತು. ಹುಬ್ಬಿನ ಒಂದೊಂದು ಕೂದಲು, ಕಣ್ಣಲ್ಲಿ ಮಿಂಚು, ತುಸು ತೆರೆದ ತುಟಿಯ ನಡುವೆ ಬೆಳ್ಳನೆಯ ಹಲ್ಲು. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿ ಬಂತು. ಅಲ್ಲಿಯೇ ನಿಂತು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಸೊಲ್ಲಾಪುರ, ಹುಬ್ಬಳ್ಳಿ, ಹೈದರಾಬಾದು, ಎಲ್ಲ ಕಡೆಯಿಂದ ಮುಗಿದ ಕೈಗಳು ಬಂದು ಬಿದ್ದವು.

ಕಟ್ಟು ಹಾಕಿಸಿ ಮನೆಗೆ ತಂದು ಅವ್ವನ ಕೈಗೆ ಕೊಟ್ಟೆವು. ಅವ್ವ ಕನ್ನಡಕ ಹಾಕಿಕೊಂಡಳು, ಸೆರಗಿನಿಂದ ಗಾಜು ಒರೆಸಿದಳು, ಬಹಳ ಹೊತ್ತು ನೋಡಿದಳು.

‘ಚಲೋ ಅದಾರ. ಯಾರ ಮನಿಯವರು ಇವರು?’

‘ಅವ್ವಗ ವಯಸ್ಸಾತು, ಮರವು ಬಂದದ’ ಎಂದು ತಮ್ಮ ಪಿಸುಗುಟ್ಟಿದ. ನನಗೂ ಮೊದಲು ಹಾಗೇ ಅನಿಸಿತು. ಆಮೇಲೆ ಹಳೆಯ ಫೋಟೋ, ಹೊಸ ಕಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ಅವ್ವನನ್ನೇ ಕೇಳಿದೆವು. ಆಯಿಯ ಹಣೆಯ ಮೇಲೆ ಹಚ್ಚೆ ಇತ್ತು, ಗದ್ದದ ಮೇಲೂ ಇತ್ತು. ಹೊಸದರಲ್ಲಿ ಹಣೆ, ಗದ್ದ ಎರಡೂ ಸಾಪು. ಹಚ್ಚೆಯ ಗೆರೆಯನ್ನು ಸಾಫ್ಟ್‌ವೇರು ಕಲೆ ಎಂದು ತಿಳಿದು ತೊಳೆದುಹಾಕಿತ್ತು. ಆಯಿ ಜೀವಮಾನವೆಲ್ಲ ಮಿಶ್ರಿ ತಿಕ್ಕಿದವಳು, ಅವಳ ಹಲ್ಲು ಕಪ್ಪಗಿದ್ದವು. ಇವಳಿಗೆ ಟೂತ್‌ಪೇಸ್ಟ್ ಜಾಹೀರಾತಿನ ಹಲ್ಲು. ಆಯಿಯ ಮೂಗು ಅವ್ವನಿಗೆ ಬಂದಿದೆ, ನನಗೂ ಬಂದಿದೆ. ಈಕೆಯ ಮೂಗು ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಮರವು ಅವ್ವನಿಗೆ ಬಂದಿರಲಿಲ್ಲ. ಆ ಹೆಂಗಸು ನಿಜಕ್ಕೂ ಯಾರ ಮನೆಯವಳೂ ಆಗಿರಲಿಲ್ಲ.

ಮಸುಕಾದ ಫೋಟೋವನ್ನು ‘ಉಳಿಸಿಕೊಡುತ್ತೇವೆ’ ಎನ್ನುವ ಈ ಹೊಸ ಸಾಫ್ಟ್‌ವೇರುಗಳ ಮೇಲೆ ನನ್ನ ತಕರಾರು ಇಷ್ಟೇ. ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕಿ ತಂದು ಕೊಡುವವರಿಗೆ ಕೈಮುಗಿಯೋಣ. ಅದೇ ವಯಸ್ಸಿನ, ಅದೇ ಎತ್ತರದ, ಇನ್ನೂ ಚಂದದ ಬೇರೆ ಮಗುವನ್ನು ಕೈಗಿಟ್ಟು ‘ತಗೊಳ್ಳಿ, ಸಿಕ್ಕಿತು’ ಎನ್ನುವವರಿಗೆ ಏನು ಮಾಡೋಣ? ಈಗ ನಾವು ಅವರಿಗೂ ಕೈಮುಗಿಯುತ್ತಿದ್ದೇವೆ, ದುಡ್ಡನ್ನೂ ಕೊಡುತ್ತಿದ್ದೇವೆ.

* * *

ಯಂತ್ರವೆಂದರೆ ಬೆಚ್ಚುವವನು ನಾನಲ್ಲ. ಮಸುಕು ತೆಗೆಯುವ ವಿದ್ಯೆ ಹಳೆಯದು, ಗೌರವದ್ದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮಸುಕು ಎಂದರೆ ಏನೂ ದಾಖಲಾಗಿಲ್ಲ ಎಂದು ಅರ್ಥವಲ್ಲ. ಕೈ ಅಲುಗಿದರೆ ಒಂದು ಚುಕ್ಕಿ ಬೆಳಕು ಒಂದು ಗೆರೆಯಾಗಿ ಹರಡುತ್ತದೆ. ಫೋಕಸ್ ತಪ್ಪಿದರೆ ಅದೇ ಚುಕ್ಕಿ ಒಂದು ಬಿಲ್ಲೆಯಾಗುತ್ತದೆ. ಬೆಳಕು ಎಲ್ಲಿಗೂ ಹೋಗಿಲ್ಲ, ಚದುರಿದೆ. ಹೊಸಿಲ ಮುಂದಿನ ರಂಗೋಲಿಯ ಮೇಲೆ ಯಾರದೋ ಸೆರಗು ಎಳೆದುಹೋಯಿತು ಎನ್ನಿ. ಯಾವ ದಿಕ್ಕಿಗೆ, ಎಷ್ಟು ದೂರ ಎಳೆಯಿತು ಎಂದು ಗೊತ್ತಾದರೆ ಪುಡಿಯನ್ನು ಹಿಂದಕ್ಕೆ ಸರಿಸಿ ಗೆರೆಗಳನ್ನು ಬಹುಮಟ್ಟಿಗೆ ಕೂಡಿಸಬಹುದು. ಲೆಕ್ಕದಿಂದ ಇದನ್ನು ಮಾಡುವುದಕ್ಕೆ ಡಿಕಾನ್ವಲ್ಯೂಷನ್ ಎನ್ನುತ್ತಾರೆ. ಆದರೆ ಮಳೆ ಬಂದು ರಂಗೋಲಿ ತೊಳೆದೇ ಹೋಗಿದ್ದರೆ? ಆಗ ಉಳಿಯುವುದು ಹೊಸ ರಂಗೋಲಿ ಹಾಕುವ ಕೆಲಸ. ಅದು ಚಂದವೇ ಬರಬಹುದು. ಬೆಳಿಗ್ಗೆ ಹಾಕಿದ್ದ ರಂಗೋಲಿ ಮಾತ್ರ ಅದಲ್ಲ.

ಇಂದಿನ ಆ್ಯಪುಗಳಲ್ಲಿರುವುದು ಈ ಎರಡನೆಯ ಕೆಲಸ. ಲಕ್ಷಾಂತರ ಮುಖಗಳನ್ನು ತೋರಿಸಿ ಪಳಗಿಸಿದ ಸಾಫ್ಟ್‌ವೇರಿಗೆ ನೀವು ಮಸುಕನ್ನು ಕೊಡುತ್ತೀರಿ. ಇಂಥ ಮಸುಕಿನ ಹಿಂದೆ ಸಾಮಾನ್ಯವಾಗಿ ಎಂಥ ಮುಖ ಇರುತ್ತದೆ ಎಂದು ಅದು ಊಹಿಸುತ್ತದೆ. ‘ಸಾಮಾನ್ಯವಾಗಿ’ ಎಂಬ ಆ ಮಾತಿನಲ್ಲಿಯೇ ಎಲ್ಲ ಅಡಗಿದೆ. ಯಾರ ಮುಖಗಳನ್ನು ಹೆಚ್ಚು ನೋಡಿದೆಯೋ ಅವರೇ ಅದರ ಸಾಮಾನ್ಯರು. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ‘ಪಲ್ಸ್’ ಎಂಬ ಇಂಥದೊಂದು ತಂತ್ರಾಂಶ ಹೊರತಂದಾಗ, ಯಾರೋ ಅದಕ್ಕೆ ಬರಾಕ್ ಒಬಾಮ ಅವರ ಚೌಕಚೌಕವಾಗಿ ಒಡೆದ ಚಿತ್ರ ಕೊಟ್ಟರು. ಹೊರಬಂದದ್ದು ಒಬ್ಬ ಬಿಳಿಯ ಗಂಡಸು. ಅಮೆರಿಕದ ಮಾಜಿ ಅಧ್ಯಕ್ಷರ ಮುಖಕ್ಕೇ ಈ ಗತಿಯಾದರೆ, ಹಚ್ಚೆಯ ಹಣೆಯ, ಮಿಶ್ರಿಯ ಹಲ್ಲಿನ ನಮ್ಮ ಆಯಿಯನ್ನು ಕೇಳುವವರು ಯಾರು?

ಎರಡೂ ವಿದ್ಯೆಗಳ ನಡುವೆ ಬೇಲಿ ಇಲ್ಲ, ಅನೇಕ ಸಾಫ್ಟ್‌ವೇರುಗಳು ಎರಡನ್ನೂ ಬೆರೆಸುತ್ತವೆ ಎಂಬುದು ನನಗೆ ಗೊತ್ತು. ಜಗಳ ಇರುವುದೇ ಅಲ್ಲಿ. ಫೋಟೋದಿಂದ ಎಷ್ಟು ತೆಗೆದೆ, ತಾನಾಗಿ ಎಷ್ಟು ಸೇರಿಸಿದೆ ಎಂದು ಅವು ಬಾಯಿ ಬಿಡುವುದಿಲ್ಲ. ಹಾಲಿಗೆ ನೀರು ಬೆರೆಸುವ ಗೌಳಿಯನ್ನು ಹಿಡಿಯಲು ಲ್ಯಾಕ್ಟೋಮೀಟರ್ ಇದೆ. ಇಲ್ಲಿ ಅದೂ ಇಲ್ಲ.

* * *

ಬಾಯಿ ಬಿಡುವುದು ಹೇಗೆ ಎಂದು ನೋಡಬೇಕಿದ್ದರೆ ದೂರ ಹೋಗಬೇಕಾಗಿಲ್ಲ. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರು, ನಾರಾಯಣಗಾಂವ ದಾಟಿ ಖೋಡದ್ ಎಂಬ ಹಳ್ಳಿ. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಅಲ್ಲಿದೆ. 45 ಮೀಟರ್ ಅಗಲದ 30 ಬುಟ್ಟಿಗಳು. 14 ನಡುವೆ ಒತ್ತಾಗಿ, ಉಳಿದ 16 ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ದೂರದೂರಕ್ಕೆ. ಅತಿ ದೂರದ ಎರಡರ ನಡುವಿನ ಅಂತರ ಸುಮಾರು 25 ಕಿಲೋಮೀಟರು. ಇಡೀ ನೆಲವನ್ನು ಬುಟ್ಟಿಗಳಿಂದ ಮುಚ್ಚಲು ಆಗುವುದಿಲ್ಲವಲ್ಲ, ನಡುವೆ ಖಾಲಿ ಜಾಗ ಇದ್ದೇ ಇರುತ್ತದೆ. ಆ ಖಾಲಿಯಿಂದಾಗಿ ಆಕಾಶದ ಪ್ರತಿ ಚುಕ್ಕಿಯ ಸುತ್ತ ಇಲ್ಲದ ಉಂಗುರಗಳು, ಇಲ್ಲದ ಕಿರಣಗಳು ಮೂಡುತ್ತವೆ. ಖಗೋಳಶಾಸ್ತ್ರಜ್ಞರು ಆ ಚಿತ್ರವನ್ನು ನಾಚಿಕೆಯಿಲ್ಲದೆ ‘ಕೊಳೆ ಚಿತ್ರ’ ಎಂದೇ ಕರೆಯುತ್ತಾರೆ.

ಕೊಳೆ ತೆಗೆಯಲು ಅವರು ಬಳಸುವ ಪ್ರಸಿದ್ಧ ವಿಧಾನದ ಹೆಸರು ‘ಕ್ಲೀನ್’. ಸ್ವೀಡನ್ನಿನ ಹಾಗ್‌ಬೋಮ್ 1974ರಲ್ಲಿ ಪ್ರಕಟಿಸಿದ್ದು. ಅತಿ ಪ್ರಕಾಶದ ಚುಕ್ಕಿ ಹುಡುಕಿ, ಅದರ ಸುತ್ತಲಿನ ಸುಳ್ಳು ಉಂಗುರಗಳನ್ನು ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತ ಹೋಗುವುದು. ನನ್ನ ಮನಸ್ಸು ಹಿಡಿದದ್ದು ಅದರ ಕೊನೆಯ ಹೆಜ್ಜೆಗಳು. ಲೆಕ್ಕ ಮುಗಿದ ಮೇಲೆ ಸಿಕ್ಕ ಚೂಪು ಚುಕ್ಕಿಗಳನ್ನು ಅವರು ಬೇಕೆಂದೇ ಮತ್ತೆ ತುಸು ಮಸುಕು ಮಾಡುತ್ತಾರೆ, ತಮ್ಮ ದೂರದರ್ಶಕಕ್ಕೆ ಎಷ್ಟು ಚೂಪು ಕಾಣಲು ಶಕ್ಯವೋ ಅಷ್ಟಕ್ಕೆ ಮಾತ್ರ. ಲೆಕ್ಕಕ್ಕೆ ಸಿಗದೆ ಉಳಿದ ಗಸಿಯನ್ನು ಚೆಲ್ಲದೆ ಚಿತ್ರಕ್ಕೆ ಮರಳಿ ಸೇರಿಸುತ್ತಾರೆ. ಆಮೇಲೆ ಚಿತ್ರದ ಮೂಲೆಯಲ್ಲಿ ಒಂದು ಪುಟ್ಟ ಮೊಟ್ಟೆಯಾಕಾರ ಬರೆಯುತ್ತಾರೆ. ಇದಕ್ಕಿಂತ ಸಣ್ಣದು ನನಗೆ ಕಂಡಿಲ್ಲ, ಕಂಡಿದೆ ಎಂದು ನಾನು ಹೇಳುವುದೂ ಇಲ್ಲ ಎಂದು ಅದರ ಅರ್ಥ.

ಕೋಟ್ಯಂತರ ಜ್ಯೋತಿರ್ವರ್ಷ ದೂರದ ಒಂದು ಗ್ಯಾಲಕ್ಸಿಗೆ ತೋರಿಸುವ ಈ ಮರ್ಯಾದೆ ನಮ್ಮ ಅಜ್ಜಿಯರ ಮುಖಕ್ಕೆ ಸಲ್ಲಬಾರದೆ?

ಹಬಲ್ ದೂರದರ್ಶಕದ ಕಥೆಯೂ ಇದೇ ಪಾಠ ಹೇಳುತ್ತದೆ. 1990ರಲ್ಲಿ ಹಾರಿಬಿಟ್ಟ ಮೇಲೆ ಅದರ ಕನ್ನಡಿಯ ಆಕಾರ ತಪ್ಪಿದೆ ಎಂದು ಗೊತ್ತಾಯಿತು. ಚಿತ್ರಗಳೆಲ್ಲ ಮಸುಕು. ತಪ್ಪು ಎಷ್ಟು, ಹೇಗೆ ಎಂದು ತಿಳಿದದ್ದರಿಂದ ಡಿಕಾನ್ವಲ್ಯೂಷನ್ ಲೆಕ್ಕದಿಂದ ಸಾಕಷ್ಟು ಕೆಲಸ ತೆಗೆದರು. ಅಷ್ಟರಲ್ಲೇ ತೃಪ್ತಿಪಡಲಿಲ್ಲ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳನ್ನು ಕಳಿಸಿ ಕನ್ನಡಕ ಹಾಕಿಸಿದ ಹಾಗೆ ದೋಷ ಸರಿಪಡಿಸಿದರು. ದಾಖಲಾಗದೆ ಹೋದದ್ದನ್ನು ಲೆಕ್ಕದಿಂದ ಕರೆತರಲಾಗದು ಎಂದು ಗೊತ್ತಿದ್ದವರು ಮಾಡುವ ಕೆಲಸ ಇದು.

* * *

ಇದೇ ಪುಣೆಯಲ್ಲಿ ಇನ್ನೊಂದು ಮನೆ ಇದೆ, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. 1964ರಲ್ಲಿ ಆರಂಭವಾದದ್ದು. ಪಿ.ಕೆ. ನಾಯರ್ ಅಂಥವರು ರೀಲು ರೀಲು ಕೂಡಿಸಿ ಬೆಳೆಸಿದ್ದು. ನಮ್ಮ ಗಿರೀಶ ಕಾಸರವಳ್ಳಿಯವರು ಓದಿದ್ದು ಇದೇ ಊರಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಅವರ 1977ರ ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಈ ಸಂಗ್ರಹಾಲಯದಲ್ಲಿ ಉಳಿದಿತ್ತು. ಇಟಲಿಯ ಬೊಲೋನ್ಯಾದ ಪ್ರಯೋಗಾಲಯದಲ್ಲಿ ಅದರ ಜೀರ್ಣೋದ್ಧಾರ ನಡೆದು, 2024ರಲ್ಲಿ ಚಿತ್ರ ವೆನಿಸ್ ಉತ್ಸವದಲ್ಲಿ ಮತ್ತೆ ತೆರೆ ಕಂಡಿತು. ಅಲ್ಲೂ ಸಾಫ್ಟ್‌ವೇರ್ ಇಲ್ಲದೆ ಕೆಲಸ ನಡೆಯುವುದಿಲ್ಲ. ಗೀರು, ಧೂಳು, ಅಲುಗಾಟ ಎಲ್ಲವನ್ನೂ ಕಂಪ್ಯೂಟರಿನಲ್ಲಿಯೇ ತೆಗೆಯುತ್ತಾರೆ. ಆದರೆ ಈ ವಿದ್ಯೆಯ ಒಳ್ಳೆಯ ಸಂಪ್ರದಾಯದಲ್ಲಿ ಮೂಲ ನೆಗೆಟಿವ್ ಹುಡುಕುವುದು ಮೊದಲ ಕೆಲಸ. ಚಿತ್ರ ಮಾಡಿದವರು ಬದುಕಿದ್ದರೆ ಅವರನ್ನು ಕೇಳುವುದು ಎರಡನೆಯದು. ಫಿಲ್ಮಿನ ಮೇಲೆ ಬಿದ್ದ ಧೂಳನ್ನು ತೆಗೆಯುತ್ತಾರೆ, ಫಿಲ್ಮಿನದೇ ಆದ ಕಣಗಳನ್ನು ಬಿಡುತ್ತಾರೆ. ಈ ಮರ್ಯಾದೆ ಮೀರಿದರೆ ಏನಾಗುತ್ತದೆ ಎಂಬುದೂ ಅದೇ ವರ್ಷ ಕಂಡಿತು. ಜೇಮ್ಸ್ ಕ್ಯಾಮರೂನ್ ಅವರ ‘ಟ್ರೂ ಲೈಸ್’ 4ಕೆಯಲ್ಲಿ ಹೊಸದಾಗಿ ಬಂದಾಗ, ನಟರ ಮುಖಗಳು ಮೇಣದ ಗೊಂಬೆಗಳಂತಿವೆ ಎಂದು ಚಿತ್ರಪ್ರೇಮಿಗಳು ಗದ್ದಲ ಎಬ್ಬಿಸಿದರು.

‘ಘಟಶ್ರಾದ್ಧ’ ನೋಡಿದವರಿಗೆ ಗೊತ್ತು, ಅದರಲ್ಲಿ ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡಿ ಊರ ಹೊರಗೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದರ ತಿರುವುಮುರುವು ನಡೆಯಿತು. ಗುಂಪಿಗೆ ಹಾಕಿದ ಆ ಚಿತ್ರವನ್ನು ಸೊಲ್ಲಾಪುರದ ಚಿಕ್ಕಮ್ಮನ ಮನೆಯವರು ಪ್ರಿಂಟ್ ಹಾಕಿಸಿ, ಹಾರ ಹಾಕಿ, ಪಿತೃಪಕ್ಷದಲ್ಲಿ ಅದರ ಮುಂದೆಯೇ ಎಡೆ ಇಟ್ಟಿದ್ದರು. ಎಂದೂ ಬದುಕಿಯೇ ಇರದ ಹೆಂಗಸಿಗೆ ನಾವು ಶ್ರಾದ್ಧ ಮಾಡಿದೆವು.

* * *

ಮನೆಯ ಗೋಡೆಯ ಮಾತಾಯಿತು. ಗೋಡೆಯಾಚೆಗಿನದು ಇನ್ನೂ ಗಂಭೀರ. ಈ ಸಾಫ್ಟ್‌ವೇರು ಈಗ ಸ್ಟುಡಿಯೋದಲ್ಲಿ ಮಾತ್ರ ಇಲ್ಲ, ನಿಮ್ಮ ಕಿಸೆಯಲ್ಲಿದೆ. 2022ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 7 ಫೋನಿನ ಜೊತೆಗೇ ಹಳೆಯ ಫೋಟೋಗಳ ಮಸುಕು ತೆಗೆಯುವ ಸೌಲಭ್ಯ ಕೊಟ್ಟಿತು. 2023ರ ಮಾರ್ಚಿನಲ್ಲಿ ಒಬ್ಬಾತ ಒಂದು ಪರೀಕ್ಷೆ ಮಾಡಿದ. ಚಂದ್ರನ ಚಿತ್ರವನ್ನು ಕಂಪ್ಯೂಟರಿನಲ್ಲಿ ಕುಳಿಗಳೇ ಕಾಣದಷ್ಟು ಮಸುಕು ಮಾಡಿ, ಕೋಣೆಯ ದೀಪ ಆರಿಸಿ, ಆ ಪರದೆಯನ್ನೇ ಸ್ಯಾಮ್‌ಸಂಗ್ ಫೋನಿನಿಂದ ತೆಗೆದ. ಪರದೆಯಲ್ಲಿ ಇರದ ಕುಳಿಗಳು ಫೋಟೋದಲ್ಲಿದ್ದವು. ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸುವ ವ್ಯವಸ್ಥೆ ಫೋನಿನಲ್ಲಿದೆ ಎಂದು ಕಂಪನಿಯೂ ಹೇಳಿತು. ಪಾಪ, ಚಂದ್ರ ಒಬ್ಬನೇ, ಅವನ ಮುಖ ಎಲ್ಲರಿಗೂ ಗೊತ್ತು. ನಿಮ್ಮ ಮುಖ ಯಂತ್ರಕ್ಕೆ ಗೊತ್ತೆ?

ಅಕ್ಷರ, ಅಂಕಿಗಳ ವಿಷಯದಲ್ಲಿ ಊಹೆ ಎಷ್ಟು ಅಪಾಯ ಎಂಬುದು ಅದಕ್ಕೂ ಹತ್ತು ವರ್ಷ ಮುಂಚೆಯೇ ಗೊತ್ತಾಗಿತ್ತು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬಾತ ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ. ನಕ್ಷೆಯಲ್ಲಿ ಮೂರು ಕೋಣೆಗಳಿಗೆ ಮೂರು ಅಳತೆ. ಸ್ಕ್ಯಾನಿನಲ್ಲಿ ಮೂರಕ್ಕೂ 14.13. ಒಂದೇ ತರಹ ಕಾಣುವ ತುಣುಕುಗಳಿಗೆ ಒಂದೇ ತುಣುಕು ಸಾಕೆಂದು ಯಂತ್ರ ನಿರ್ಧರಿಸಿತ್ತು. ಅಂಕಿ ಮಸುಕಾಗಿದ್ದರೆ ಓದುವವನಿಗೆ ಅನುಮಾನ ಬರುತ್ತದೆ. ತಪ್ಪು ಅಂಕಿ ಸ್ಪಷ್ಟವಾಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಊರಿನ ಪಹಣಿಯ, ಇಲ್ಲಿಯ ಸಾತಬಾರಾದ ಮಸುಕು ಫೋಟೋ ಫೋನಿನಲ್ಲಿ ಬಂದಾಗ ‘ಶಾರ್ಪ್’ ಮಾಡಿ ಓದುವವರು ಇದನ್ನು ನೆನಪಿಡಿ. 3 ಎಂದದ್ದು 8 ಎಂದಾದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ.

ಕೋರ್ಟಿನ ಮಾತು ಬಂತು. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಕೊಲೆ ಪ್ರಕರಣದ ವಿಚಾರಣೆಯಲ್ಲಿ, ಮೊಬೈಲಿನ ಮಸುಕು ವಿಡಿಯೋವನ್ನು ಇಂಥ ಸಾಫ್ಟ್‌ವೇರಿನಿಂದ ಚೊಕ್ಕ ಮಾಡಿ ಆರೋಪಿಯ ಕಡೆಯವರು ಸಾಕ್ಷ್ಯವಾಗಿ ತಂದರು. ನ್ಯಾಯಾಧೀಶರು ಒಪ್ಪಲಿಲ್ಲ. ಅಂದು ಅದನ್ನು ತಂದವರು ಆರೋಪಿಯ ಕಡೆಯವರು. ನಾಳೆ ಆರೋಪ ಹೊರಿಸುವವರೇ ತರಬಹುದು. ಸಿಸಿಟಿವಿಯ ನಾಲ್ಕು ಕಪ್ಪು ಚುಕ್ಕಿಗಳಿಂದ ಸಾಫ್ಟ್‌ವೇರು ಒಂದು ಪೂರ್ಣ ಮುಖ ಹೆಣೆದು ಕೊಟ್ಟರೆ, ಆ ಮುಖವನ್ನು ಹೋಲುವ ನಿರಪರಾಧಿ ಎಲ್ಲೋ ಒಬ್ಬ ಇದ್ದೇ ಇರುತ್ತಾನೆ.

* * *

ಇನ್ನು ನನಗೆ ಎದುರು ಹೇಳುವವರ ಮಾತು. ‘ಹಿಂದಿನ ಸ್ಟುಡಿಯೋದವರು ಟಚಪ್ ಮಾಡುತ್ತಿರಲಿಲ್ಲವೇ? ನೆಗೆಟಿವ್ ಮೇಲೆ ಪೆನ್ಸಿಲು ಆಡಿಸುತ್ತಿರಲಿಲ್ಲವೇ, ಕೆನ್ನೆಗೆ ಬಣ್ಣ ಹಚ್ಚುತ್ತಿರಲಿಲ್ಲವೇ?’ ಮಾಡುತ್ತಿದ್ದರು. ಆ ಪೆನ್ಸಿಲು ಕಣ್ಣಿಗೆ ಕಾಣುತ್ತಿತ್ತು, ಆ ಬಣ್ಣ ಬಣ್ಣವೆಂದು ಮಗುವಿಗೂ ಗೊತ್ತಾಗುತ್ತಿತ್ತು. ಹಚ್ಚುವವನು ‘ಮೂಗುಬೊಟ್ಟು ಯಾವ ಕಡೆ ಇತ್ತವ್ವಾ’ ಎಂದು ಕೇಳುತ್ತಿದ್ದ. ನಾನು ಹೋದ ಸ್ಟುಡಿಯೋದಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳಬೇಕು ಎಂದು ಆ ಹುಡುಗನಿಗೂ ಯಾರೂ ಕಲಿಸಿರಲಿಲ್ಲ.

‘ಕಳೆದುಕೊಂಡವರಿಗೆ ಸಮಾಧಾನವಾದರೆ ನಿಮಗೇನು ಕಷ್ಟ?’ ಇದು ಗಟ್ಟಿ ಪ್ರಶ್ನೆ, ಇದರ ಮುಂದೆ ನಾನು ತಗ್ಗುತ್ತೇನೆ. ಮಗುವಿನ ಒಂದೇ ಮಸುಕು ಫೋಟೋ ಹಿಡಿದು ಕೂತ ತಾಯಿಗೆ ಉಪದೇಶ ಮಾಡುವಷ್ಟು ಕಲ್ಲೆದೆ ನನ್ನದಲ್ಲ. ಬೇಕಾದರೆ ಚಿತ್ರ ಬರೆಸಿಕೊಳ್ಳಲಿ, ಯಂತ್ರದಿಂದಲೇ ಬರೆಸಿಕೊಳ್ಳಲಿ. ಚಿತ್ರವನ್ನು ಚಿತ್ರ ಎಂದು ಕರೆಯಲಿ. ಫೋಟೋ ಎಂಬ ಹೆಸರಿನಲ್ಲಿ ಅದನ್ನು ಕೈಗಿಡುವ ವ್ಯಾಪಾರಿಯ ಮೇಲೆ ನನ್ನ ಸಿಟ್ಟು.

‘ಮೂಲ ಹೇಗೂ ನಿಮ್ಮ ಹತ್ತಿರ ಇದೆಯಲ್ಲ?’ ನನ್ನ ಹತ್ತಿರ ಇದೆ. ಸೊಲ್ಲಾಪುರದಲ್ಲಿ ಇಲ್ಲ, ಹುಬ್ಬಳ್ಳಿಯಲ್ಲಿ ಇಲ್ಲ. ಅಲ್ಲಿಯ ಮಕ್ಕಳಿಗೆ ಆಯಿ ಎಂದರೆ ಬಿಳಿ ಹಲ್ಲಿನ ಆ ಹೆಂಗಸೇ. ಚಂದದ್ದು ಬೇಗ ಓಡುತ್ತದೆ, ಮಸುಕಿನದು ಟ್ರಂಕಿನಲ್ಲಿ ಉಳಿಯುತ್ತದೆ. ಅವ್ವನಂಥವರು ಇರುವ ತನಕ ‘ಇವರು ಯಾರು’ ಎಂದು ಕೇಳುತ್ತಾರೆ. ಅವರು ಹೋದ ಮೇಲೆ ಕೇಳುವವರಿಲ್ಲ.

‘ಅಷ್ಟಕ್ಕೂ ಆ ಮಸುಕಿನಲ್ಲಿ ಏನಿತ್ತು?’ ಇದನ್ನು ನಾನು ಅವ್ವನನ್ನೇ ಕೇಳಿದೆ. ಹಳೆಯ ಫೋಟೋ ಕೈಯಲ್ಲಿ ಹಿಡಿದು ಅವಳು ಹೇಳಿದಳು: ‘ಒಳಗ ಒಲಿ ಮ್ಯಾಲ ಹಾಲಿತ್ತು. ಉಕ್ಕೇತೇನೋ ಅಂತ ತಿರುಗಿ ನೋಡಿದ್ಲು. ಅವ್ವ ಒಂದ ಕಡೆ ನಿಂತಾಕಿ ಅಲ್ಲ.’ ಆಯಿಯ ಜೀವಮಾನದ ಅವಸರವೆಲ್ಲ ಆ ಎಳೆದ ಗೆರೆಯಲ್ಲಿತ್ತು. ಕ್ಯಾಮೆರಾ ತಾನು ಕಂಡದ್ದನ್ನು ಕಂಡ ಹಾಗೆ ಹೇಳಿತ್ತು, ಈಕೆ ನಿಲ್ಲಲಿಲ್ಲ ಎಂದು. ಸಾಫ್ಟ್‌ವೇರು ಅವಳನ್ನು ನಿಲ್ಲಿಸಿ, ಹಲ್ಲು ತೊಳೆದು, ಹಚ್ಚೆ ಒರೆಸಿ, ಒಲೆಯ ಮೇಲೆ ಹಾಲೇ ಇಲ್ಲದವಳ ಹಾಗೆ ನಗಿಸಿತು.

ಹಾಗಾಗಿ ಓದುಗರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಮೂರೇ ಮಾತು. ಯಾವ ಊರಲ್ಲೇ ಇರಿ, ಟ್ರಂಕಿನಲ್ಲಿರುವ ಮಸುಕು ಫೋಟೋಗಳನ್ನು ಮೊದಲು ಇದ್ದ ಹಾಗೇ ಸ್ಕ್ಯಾನ್ ಮಾಡಿಸಿ ಇಡಿ, ಆ ಕಡತದ ಮೇಲೆ ಬೇರೆ ಯಾವುದನ್ನೂ ಬರೆಸಬೇಡಿ. ಸರಿಪಡಿಸಿದ್ದನ್ನು ಯಾರಿಗೆ ಕಳಿಸಿದರೂ ಮೂಲವನ್ನೂ ಜೊತೆಗೆ ಕಳಿಸಿ, ಯಂತ್ರ ತುಂಬಿದ ಚಿತ್ರ ಎಂದು ಅದರ ಮೇಲೆಯೇ ಬರೆಯಿರಿ. ಮೂರನೆಯದು, ಮನೆಯಲ್ಲಿ ನೆನಪಿರುವವರು ಇರುವಾಗಲೇ ಕೂತು ಕೇಳಿ, ಮುಖ ಯಾಕೆ ತಿರುಗಿತು ಎಂದು ಫೋಟೋದ ಹಿಂದೆ ಪೆನ್ಸಿಲಿನಿಂದ ಬರೆದಿಡಿ. ಸಾಫ್ಟ್‌ವೇರ್ ಮಾಡುವವರಲ್ಲಿ ಕೇಳುವುದು ಒಂದೇ. ಖೋಡದ್‌ನವರ ಹಾಗೆ ಮೂಲೆಯಲ್ಲಿ ಒಂದು ಪುಟ್ಟ ಮೊಟ್ಟೆಯಾಕಾರ ಬರೆಯಿರಿ. ಇಷ್ಟು ಕಂಡೆ, ಉಳಿದದ್ದು ನನ್ನ ಊಹೆ ಎಂದು ಒಪ್ಪಿಕೊಳ್ಳಿ. ಅದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ, ಸ್ವಲ್ಪ ನಾಚಿಕೆ ಸಾಕು.

ನಮ್ಮ ಗೋಡೆಯ ಮೇಲೆ ಈಗ ಮಸುಕು ಆಯಿಯೇ ಇದ್ದಾಳೆ, ದೊಡ್ಡದಾಗಿ. ಬಂದವರು ‘ಸ್ವಲ್ಪ ಶಾರ್ಪ್ ಮಾಡಿಸಬಾರದಿತ್ತೇ’ ಎನ್ನುತ್ತಾರೆ. ಅವ್ವ ಅವರಿಗೆ ಹಾಲಿನ ಕಥೆ ಹೇಳುತ್ತಾಳೆ. ಆ ಇನ್ನೊಂದು ಕಟ್ಟು ಮಂಚದ ಕೆಳಗಿದೆ. ಅದರಲ್ಲಿರುವ ಹೆಂಗಸು ಯಾರ ಮನೆಯವರು ಎಂದು ಇನ್ನೂ ತಿಳಿದಿಲ್ಲ. ಗುರುತಿದ್ದವರು ಬಂದು ಕರೆದೊಯ್ಯಬಹುದು.